ನಾಡಿನ ಬೆಳಕನ್ನು ನಾಡಿಗೇ ಉಳಿಸಿದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್

ಗುಂಡಿಯನ್ನೊತ್ತಿದೊಡನೆ ದೀಪ ಬೆಳಗುವುದನ್ನು ಇಂದಿನ ವಿದ್ಯಾರ್ಥಿಗಳು ಸೂರ್ಯೋದಯದಷ್ಟೇ ಸಹಜವೆಂದು ಭಾವಿಸುತ್ತಾರೆ. ಆದರೆ ಆ ಬೆಳಕಿನ ಹಿಂದೆ ಹಿರಿದಾದ ಪ್ರಶ್ನೆಯೊಂದು ಅಡಗಿದೆ. ಹರಿಯುವ ಹೊಳೆಯ ಬಲದಿಂದ ಹುಟ್ಟುವ ವಿದ್ಯುತ್ತಿಗೆ ಒಡೆಯರಾರು? ಬಂಡವಾಳ ಹೂಡಿದ ಉದ್ಯಮಿಗಳೋ, ಸಮಸ್ತ ಪ್ರಜೆಗಳ ಪರವಾಗಿ ನಿಂತ ಸರಕಾರವೋ? ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ಕಾರ್ಯರೂಪದ ಉತ್ತರವನ್ನಿತ್ತ ಮಹನೀಯರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ ಮಲಬಾರಿನ ಪಾಲಘಾಟ್ ಸೀಮೆಯಲ್ಲಿ ಜನಿಸಿದರು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನನ್ನು ಅಣ್ಣನವರು ಸಾಕಿ ಓದಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದ ತರುಣನು 1868ರಲ್ಲಿ, ರಂಗಾಚಾರ್ಲು ಅವರ ಪ್ರೋತ್ಸಾಹದಿಂದ, ಮೈಸೂರು ಸಂಸ್ಥಾನದ ಸೇವೆಗೆ ಸೇರಿದನು. ಹಂತಹಂತವಾಗಿ ಮೇಲೇರಿ, 1883ರಲ್ಲಿ ರಂಗಾಚಾರ್ಲು ಅವರು ನಿಧನರಾದಾಗ ದಿವಾನಗಿರಿಯ ಭಾರವನ್ನು ಹೊತ್ತುಕೊಂಡನು. ಮುಂದೆ ಸುಮಾರು 18 ವರ್ಷಗಳ ಕಾಲ ಆ ಪದವಿಯನ್ನು ಅವರು ನಿರ್ವಹಿಸಿದರು.

ಅವರಿಗೆ ದೊರೆತದ್ದು ಸುಖದ ಸಿಂಹಾಸನವಲ್ಲ. 1876-78ರ ಭೀಕರ ಕ್ಷಾಮದಲ್ಲಿ ಮೈಸೂರಿನ ಪ್ರಜೆಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅಳಿದುಹೋಗಿತ್ತು; ಬೊಕ್ಕಸವು ಸಾಲದಲ್ಲಿ ಮುಳುಗಿತ್ತು. ಕ್ಷಾಮವನ್ನು ತಡೆಯಲು ರೈಲುದಾರಿ ಬೇಕು, ನೀರಾವರಿ ಬೇಕು. ಎರಡಕ್ಕೂ ಹಣ ಬೇಕು. ಇಂತಹ ಸಂದರ್ಭದಲ್ಲಿ ಅವರು ಖಾಸಗಿಯವರ ನೆರವನ್ನು ನಿರಾಕರಿಸಲಿಲ್ಲ. ಸಂಸ್ಥಾನದ ರೈಲುಮಾರ್ಗದ ನಿರ್ವಹಣೆಯನ್ನು 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಲಾಯಿತು. ಕೋಲಾರದ ಚಿನ್ನದ ಗಣಿಗಳನ್ನು ಜಾನ್ ಟೇಲರ್ ಸಂಸ್ಥೆಯ ಆಡಳಿತದ ಬ್ರಿಟಿಷ್ ಕಂಪನಿಗಳು ಅಗೆಯುತ್ತಿದ್ದವು. ಸರಕಾರಕ್ಕೆ ಅದರಿಂದ ರಾಜಧನ ಸಲ್ಲುತ್ತಿತ್ತು. ಖಾಸಗಿ ಬಂಡವಾಳವನ್ನು ಕಂಡೊಡನೆ ಹುಬ್ಬುಗಂಟಿಕ್ಕುವ ಸ್ವಭಾವ ಅವರದಾಗಿರಲಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಅದರಿಂದಲೇ ಕಾವೇರಿಯ ವಿಷಯದಲ್ಲಿ ಅವರು ಕೈಗೊಂಡ ನಿಲುವಿಗೆ ಹೆಚ್ಚಿನ ತೂಕವಿದೆ.

ಗಣಿಗಳು ಆಳವಾದಂತೆಲ್ಲ ಯಂತ್ರಗಳಿಗೆ ಬೇಕಾದ ಬಲವೂ ಹೆಚ್ಚುತ್ತಿತ್ತು. ಉಗಿಯಂತ್ರಗಳಿಗೆ ಕಲ್ಲಿದ್ದಲು, ಸೌದೆಗಳನ್ನು ದೂರದಿಂದ ತರಬೇಕಾಗಿತ್ತು. ಅತ್ತ ಶಿವನಸಮುದ್ರದಲ್ಲಿ ಕಾವೇರಿಯು ಅಗಾಧ ಶಕ್ತಿಯನ್ನು ವ್ಯರ್ಥವಾಗಿ ಕಣಿವೆಗೆ ಸುರಿಯುತ್ತಿದ್ದಳು. ಈ ಜಲಪಾತದಿಂದ ವಿದ್ಯುತ್ ಉತ್ಪಾದಿಸಲು ಅನುಮತಿ ಬೇಡಿ 1890ರ ದಶಕದಲ್ಲಿ ಖಾಸಗಿ ಉದ್ಯಮಿಗಳು ಮುಂದೆ ಬಂದದ್ದುಂಟು. ಅನುಮತಿ ಕೊಟ್ಟು ರಾಜಧನ ಪಡೆದು ಸುಮ್ಮನಿರುವುದು ಸುಲಭವಾಗಿತ್ತು. ನಷ್ಟವಾದರೆ ಅದು ಅನ್ಯರ ತಲೆಯ ಮೇಲೆ ಬೀಳುತ್ತಿತ್ತು. ಕೊನೆಗೆ ಸಂಸ್ಥಾನವು ಆ ಸುಲಭದ ದಾರಿಯನ್ನು ಬಿಟ್ಟು, ಯೋಜನೆಯನ್ನು ತಾನೇ ಕೈಗೊಂಡಿತು.

ಇದು ಸಾಹಸದ ನಿರ್ಣಯವೇ ಸರಿ. ಭಾರತದಲ್ಲಿ ಅಷ್ಟು ದೊಡ್ಡ ಜಲವಿದ್ಯುತ್ ಯೋಜನೆ ಅದುವರೆಗೆ ನಡೆದಿರಲಿಲ್ಲ. ಶಿವನಸಮುದ್ರದಿಂದ ಗಣಿಗಳಿಗೆ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್. ಅಷ್ಟು ದೂರ ತಂತಿಯ ಮೂಲಕ ವಿದ್ಯುತ್ತನ್ನು ಸಾಗಿಸುವುದು ಅಂದು ಜಗತ್ತಿನಲ್ಲಿಯೇ ಅಪರೂಪ. ದಿವಾನರು ಕಣ್ಣುಮುಚ್ಚಿ ಧುಮುಕಲಿಲ್ಲ. ಕ್ಯಾಪ್ಟನ್ ಜೋಲಿ ದ ಲಾಟ್ಬಿನಿಯರ್ ಎಂಬ ಇಂಜಿನಿಯರರನ್ನು ಯುರೋಪು, ಅಮೆರಿಕಗಳಿಗೆ ಕಳುಹಿಸಿ ಅಲ್ಲಿನ ಅನುಭವವನ್ನು ಅರಿತುಕೊಂಡರು. ಗಣಿಯವರು ನಿಶ್ಚಿತ ಪ್ರಮಾಣದ ವಿದ್ಯುತ್ತನ್ನು ಕೊಳ್ಳುವರೆಂಬ ಕರಾರನ್ನು ಪಡೆದುಕೊಂಡರು. ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಗಳಿಂದ ತರಿಸಲಾಯಿತು. ಯಂತ್ರ ಖಾಸಗಿಯವರದು, ಗಿರಾಕಿಗಳೂ ಖಾಸಗಿಯವರು. ಆದರೆ ನೀರು, ವಿದ್ಯುದಾಗಾರ, ತಂತಿಮಾರ್ಗಗಳು ಸಂಸ್ಥಾನದವು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲುಪಿತು. ಆ ದಿನವನ್ನು ಕಾಣುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗೆ ಒದಗಲಿಲ್ಲ. ಆರೋಗ್ಯ ಕೆಟ್ಟು ನಿವೃತ್ತರಾದ ಅವರು 1901ರ ಸೆಪ್ಟೆಂಬರಿನಲ್ಲಿಯೇ ಕಾಲವಾಗಿದ್ದರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಕಲ್ಕತ್ತೆಯಲ್ಲಿ ವಿದ್ಯುತ್ ಪೂರೈಕೆಯು ಖಾಸಗಿ ಕಂಪನಿಯ ಕೈಯಲ್ಲಿತ್ತು. ಮುಂಬಯಿಗೆ 1915ರಲ್ಲಿ ಖೋಪೋಲಿಯಿಂದ ಜಲವಿದ್ಯುತ್ತನ್ನು ಒದಗಿಸಿದವರು ಟಾಟಾ ಕಂಪನಿಯವರು. ಮೈಸೂರಿನ ದಾರಿ ಬೇರೆಯಾಯಿತು. ಇಲ್ಲಿ ವಿದ್ಯುತ್ತಿನ ಆದಾಯವು ಬೊಕ್ಕಸಕ್ಕೆ ಬಂದಿತು. ನದಿ, ಅಣೆಕಟ್ಟು, ನೀರಾವರಿ, ವಿದ್ಯುತ್ತುಗಳನ್ನು ಒಂದೇ ಕೈ ಒಟ್ಟಾಗಿ ಯೋಚಿಸುವುದು ಸಾಧ್ಯವಾಯಿತು. 1911ರಲ್ಲಿ ಕೃಷ್ಣರಾಜಸಾಗರದ ಕಾರ್ಯ ಆರಂಭವಾದಾಗ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಅದರ ಉದ್ದೇಶಗಳಲ್ಲೊಂದಾಗಿತ್ತು.

ಆದರೂ ಸತ್ಯವನ್ನು ಮರೆಮಾಚಲಾಗದು. ಪ್ರಜೆಗಳ ಒಡೆತನದ ಆ ವಿದ್ಯುತ್ತು ಮೊದಲು ಹರಿದದ್ದು ವಿದೇಶೀ ಕಂಪನಿಗಳ ಗಣಿಗಳಿಗೆ. ತಂತಿಗಳು ಹಾದುಹೋದ ದಾರಿಯ ಹಳ್ಳಿಗಳು ಬಹುಕಾಲ ಹರಳೆಣ್ಣೆಯ ಹಣತೆಯಲ್ಲಿಯೇ ಇದ್ದವು. ಒಡೆತನ ಸರಕಾರದ್ದಾದ ಮಾತ್ರಕ್ಕೆ ಬೆಳಕು ಬಡವನ ಗುಡಿಸಲನ್ನು ತಾನಾಗಿ ಸೇರುವುದಿಲ್ಲ. ಅದರಿಂದ ದೊರೆಯುವುದು ಒಂದು ಹಕ್ಕು ಮಾತ್ರ: ನಮಗೇಕೆ ಇಲ್ಲವೆಂದು ಆಳುವವರನ್ನು ಕೇಳುವ ಹಕ್ಕು. ಲಾಭಕ್ಕಾಗಿ ನಡೆಯುವ ಕಂಪನಿಯು ಲಾಭವಿಲ್ಲದ ಹಳ್ಳಿಗೆ ಕಂಬ ನೆಡದಿದ್ದರೆ ಅದನ್ನು ದೂರುವುದು ಕಷ್ಟ; ಸರಕಾರವು ನೆಡದಿದ್ದರೆ ಅದು ಕರ್ತವ್ಯಲೋಪವೆನಿಸುತ್ತದೆ.

ಆ ಕಾಲದಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದಿತು. ಕಾವೇರಿಯ ಬೆಳಕಿಗೂ ನಮಗೂ ಸಂಬಂಧವಿರಲಿಲ್ಲ. 1956ರ ಏಕೀಕರಣದಿಂದ ನಾವು ಆ ಪರಂಪರೆಗೂ ವಾರಸುದಾರರಾದೆವು. 1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯು ಸ್ಥಾಪನೆಯಾಯಿತು. 1999ರ ಸುಧಾರಣೆಯಲ್ಲಿ ಮಂಡಳಿಯು ಕಂಪನಿಯ ರೂಪ ತಾಳಿತು. 2002ರಿಂದ ನಮ್ಮ ಭಾಗಕ್ಕೆ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿಯು ವಿದ್ಯುತ್ತನ್ನು ಒದಗಿಸುತ್ತಿದೆ. ಹೆಸರು ಕಂಪನಿಯಾದರೂ ಒಡೆತನ ಸರಕಾರದ್ದೇ. ವಿದ್ಯುತ್ ವಿತರಣೆಯನ್ನು ಖಾಸಗಿಯವರಿಗೆ ವಹಿಸಬೇಕೇ ಬೇಡವೇ ಎಂಬ ಚರ್ಚೆಯು ದೇಶದಲ್ಲಿ ಮತ್ತೆ ಮತ್ತೆ ಏಳುತ್ತದೆ. ಸರಕಾರಿ ವ್ಯವಸ್ಥೆಯ ಸೋರಿಕೆ, ನಷ್ಟಗಳನ್ನು ಎತ್ತಿ ತೋರುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಆ ಚರ್ಚೆಯಲ್ಲಿ ತೊಡಗುವವರು ಈ ದಿವಾನರ ಬದುಕನ್ನೊಮ್ಮೆ ಅವಲೋಕಿಸುವುದು ಒಳಿತು. ಯಾವುದನ್ನು ಪರರಿಗೆ ವಹಿಸಬಹುದು, ಯಾವುದನ್ನು ನಾಡು ತನ್ನಲ್ಲಿಯೇ ಉಳಿಸಿಕೊಳ್ಳಬೇಕು ಎಂಬ ವಿವೇಕವು ಅವರಲ್ಲಿತ್ತು. ಉಳಿಸಿಕೊಂಡದ್ದನ್ನು ದಕ್ಷತೆಯಿಂದ ನಡೆಸುವ ಶಿಸ್ತೂ ಇತ್ತು. ಇವೆರಡರಲ್ಲಿ ಒಂದು ತಪ್ಪಿದರೂ ಮತ್ತೊಂದು ನಿಷ್ಫಲ. ಸಾರ್ವಜನಿಕ ಸ್ವತ್ತನ್ನು ತನ್ನ ಮನೆಯ ಸ್ವತ್ತಿನಂತೆ ಕಾಯುವ ಗುಣವು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆದರೆ, ಸರ್ ಶೇಷಾದ್ರಿ ಅಯ್ಯರ್ ಅವರ ಸ್ಮರಣೆಯು ಸಾರ್ಥಕವಾಗುವುದು.