ಮೊದಲ ನಿಮಿಷದ ಅಂಕಗಳು

ಅಂಬೇವಾಡಿಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಹತ್ತನೇ ತರಗತಿಗೆ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠ ಮಾಡುತ್ತಿದ್ದೆ. ಉಸಿರಾಟವನ್ನು ಮೆಡುಲ್ಲಾ ನಿಯಂತ್ರಿಸುತ್ತದೆ ಎಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಅವಳ ಅಕ್ಕನ ಮಗು ಹುಟ್ಟಿದೊಡನೆ ಅಳಲಿಲ್ಲವಂತೆ. ಮೊದಲ ನಿಮಿಷಕ್ಕೆ ಹತ್ತರಲ್ಲಿ ನಾಲ್ಕೇ ಅಂಕ, ಐದನೇ ನಿಮಿಷಕ್ಕೆ ಎಂಟು. ನಾಲ್ಕು ಬಂದ ಮಗು ಮುಂದೆ ದಡ್ಡನಾಗುತ್ತಾನೆಯೇ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. ಮರುದಿನ ಪೀಠಿಕೆಯಾಗಿ, ಆ ಅಂಕಪದ್ಧತಿ ರೂಪಿಸಿದ ಡಾ. ವರ್ಜೀನಿಯಾ ಅಪ್ಗಾರ್ ಅವರ ಜೀವನ ಹೇಳಿದೆ.

ಅಪ್ಗಾರ್ 1909ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದರು. ಅಣ್ಣನೊಬ್ಬ ಚಿಕ್ಕಂದಿನಲ್ಲೇ ಕ್ಷಯದಿಂದ ತೀರಿಕೊಂಡಿದ್ದ. 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಶಸ್ತ್ರವೈದ್ಯೆಯಾಗುವ ಆಸೆಯಿತ್ತು. ಹಿರಿಯರು ಬೇಡವೆಂದಾಗ ಅರಿವಳಿಕೆ ವಿಭಾಗಕ್ಕೆ ಬಂದು, 1949ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರಾಧ್ಯಾಪಕರಾದರು.

ಆಗ ಹೆರಿಗೆ ಕೋಣೆಯಲ್ಲಿ ಎಲ್ಲರ ಗಮನವೂ ತಾಯಿಯ ಮೇಲೆ. ಉಸಿರಾಡದ ಮಗುವನ್ನು ತಡವಾಗಿ ನೋಡುವುದೂ ಇತ್ತು. ಹುಟ್ಟಿದ ಒಂದೇ ನಿಮಿಷಕ್ಕೆ ಹೃದಯಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣ ಈ ಐದಕ್ಕೆ 0, 1 ಅಥವಾ 2 ಅಂಕ ಕೊಡುವ ಕ್ರಮವನ್ನು ಅಪ್ಗಾರ್ 1953ರಲ್ಲಿ ಪ್ರಕಟಿಸಿದರು. ಯಾವ ಮಗುವಿಗೆ ಈಗಲೇ ನೆರವು ಬೇಕು ಎಂದು ತಿಳಿಯುವುದು ಅದರ ಉದ್ದೇಶ. ಮಗುವಿನ ಬುದ್ಧಿಯನ್ನು ಅದು ಅಳೆಯುವುದಿಲ್ಲ.

ಅಪ್ಗಾರ್ ಅಷ್ಟಕ್ಕೇ ನಿಲ್ಲಲಿಲ್ಲ. 1959ರಿಂದ ಜನ್ಮದೋಷಗಳ ಕುರಿತ ಕೆಲಸಕ್ಕೆ ತಿರುಗಿದರು. 1974ರಲ್ಲಿ ತೀರಿಕೊಂಡರು.

ಉಸಿರಾಟ ನಿಯಂತ್ರಣದ ಒಂದು ಮುಖ್ಯ ವಂಶವಾಹಿ ತಿಳಿದುಬಂದದ್ದು ಅವರ ನಂತರ, 2003ರಲ್ಲಿ. ಅದರ ಹೆಸರು ಫಾಕ್ಸ್-2ಬಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದನ್ನು ಗುರುತಿಸುವ ನರಕೋಶಗಳು ಮಿದುಳಿನ ಕಾಂಡದಲ್ಲಿ ರೂಪುಗೊಳ್ಳಲು ಅದು ಬೇಕು. ಅದರಲ್ಲಿ ದೋಷವಿದ್ದರೆ, ಎಚ್ಚರದಲ್ಲಿ ಸರಿಯಾಗಿ ಉಸಿರಾಡುವ ಮಗುವಿಗೂ ನಿದ್ದೆಯಲ್ಲಿ ಉಸಿರು ಸಾಲದಾಗುತ್ತದೆ. ಇದು ಬಹಳ ಅಪರೂಪ. ಮೊದಲ ನಿಮಿಷದ ಅಂಕಕ್ಕೆ ಇದು ಸಿಗದೆಯೂ ಹೋಗಬಹುದು. ಹೆಚ್ಚಿನ ಮಕ್ಕಳಲ್ಲಿ ಈ ಬದಲಾವಣೆ ಹೊಸದಾಗಿ ಆಗಿರುತ್ತದೆ, ತಂದೆತಾಯಿಯಲ್ಲಿ ಇರುವುದಿಲ್ಲ. ತಾಯಿಯನ್ನು ದೂರಲು ಕಾರಣವೇ ಇಲ್ಲ ಎಂದು ಒತ್ತಿ ಹೇಳಿದೆ.

ಆ ಹುಡುಗಿ ಮನೆಗೆ ಹೋಗಿ ಅಕ್ಕನಿಗೆ ಹೇಳುತ್ತೇನೆ ಎಂದಳು. ಪೀಠಿಕೆ ಉದ್ದವಾಯಿತೆಂದು ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಅದು ನಿಜ, ಮುಂದಿನ ಸಲ ಇದನ್ನು ಪಾಠದ ಕೊನೆಗೆ ಇಡುತ್ತೇನೆ. ಆದರೆ ಆ ವಾರದ ಘಟಕ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಪ್ರತಿ ಉತ್ತರ ಪತ್ರಿಕೆಯ ಅಂಚಿನಲ್ಲೂ, ಆ ಮಗುವಿಗೆ ಎಲ್ಲಿ ನೆರವು ಬೇಕು ಎಂದು ಒಂದು ಸಾಲು ಬರೆದೆ.