ಸರ್ ಗಿಲ್ಬರ್ಟ್ ವಾಕರರವರ ಜೀವಿತ

ಮಳೆಯು ತಪ್ಪಿದರೆ ಬಡವನ ಒಲೆಯು ಆರುವದೆಂಬುದನ್ನು ನಮ್ಮ ನಾಡಿನವರಿಗೆ ಹೇಳಿಕೊಡಬೇಕಾದುದಿಲ್ಲ. ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ 1876–78ರ ಮಹಾಕ್ಷಾಮದಲ್ಲಿ ಲಕ್ಷಾಂತರ ಜನರು ಅಳಿದುಹೋದರು. 1899ರಲ್ಲಿ ಇಂಡಿಯಾ ದೇಶಕ್ಕೆ ಮಳೆಯು ಮತ್ತೊಮ್ಮೆ ತಪ್ಪಿತು. ಇಂಥ ಕೇಡನ್ನು ಮುಂಚಿತವಾಗಿ ಅರಿಯಲು ಇಪ್ಪತ್ತು ವರುಷ ದುಡಿದ ಗಣಿತಜ್ಞರೊಬ್ಬರ ಜೀವಿತವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಅರುಹುವೆವು.

ಗಿಲ್ಬರ್ಟ್ ವಾಕರರು 1868ನೆಯ ಇಸವಿ ಜೂನ್ 14ರಂದು ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಜನಿಸಿದರು. ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1889ರ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾದರು. ಎಸೆದವರೆಡೆಗೆ ತಿರುಗಿ ಬರುವ ಬೂಮರಾಂಗಿನ ಚಲನೆಯನ್ನೂ ಕೊಳಲಿನ ರಚನೆಯನ್ನೂ ಅವರು ಆಸಕ್ತಿಯಿಂದ ಶೋಧಿಸಿದರು. 1904ರಲ್ಲಿ ಈ ದೇಶದ ಹವಾಮಾನ ಇಲಾಖೆಯ ಮುಖ್ಯಾಧಿಕಾರಿಗಳಾಗಿ ಬಂದಾಗ ಅವರು ಹೆಸರು ಪಡೆದಿದ್ದುದು ಗಣಿತದಲ್ಲಿಯೇ ಹೊರತು ಹವೆಯ ಶಾಸ್ತ್ರದಲ್ಲಿ ಅಲ್ಲ.

ಅವರು ಹಿಡಿದ ದಾರಿಯನ್ನು ಸುಲಭವಾಗಿ ತಿಳಿಸುವೆವು. ಒಂದು ಸಾಲಿನಲ್ಲಿ ವರುಷವರುಷದ ಮಳೆ. ಮತ್ತೊಂದು ಸಾಲಿನಲ್ಲಿ ದೂರದೇಶವೊಂದರ ವಾಯುಭಾರ. ಪ್ರತಿಯೊಂದು ಅಂಕೆಯೂ ತನ್ನ ಸಾಲಿನ ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನು ನೋಡಬೇಕು. ಎರಡು ಸಾಲುಗಳೂ ಕೂಡಿ ಏರಿ ಕೂಡಿ ಇಳಿದರೆ ಹೋಲಿಕೆಯ ಅಂಕವು 1ನ್ನು ಸಮೀಪಿಸುವದು; ಒಂದು ಏರುವಾಗ ಮತ್ತೊಂದು ಇಳಿದರೆ ಋಣ 1ನ್ನು ಸಮೀಪಿಸುವದು; ಸಂಬಂಧವಿಲ್ಲದಿದ್ದರೆ ಸೊನ್ನೆಯ ಬಳಿ ನಿಲ್ಲುವದು. ಈ ವರುಷದ ಮಳೆಯನ್ನು ಹಿಂದಿನ ತಿಂಗಳುಗಳ ವಾಯುಭಾರದೊಡನೆ ಇಟ್ಟು ನೋಡಿದರೆ ಮುನ್ಸೂಚನೆ ದೊರೆಯಬಹುದೆಂಬುದೇ ಅವರ ಆಶೆ. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಇಲಾಖೆಯ ಭಾರತೀಯ ಗುಮಾಸ್ತರು ಈ ಲೆಕ್ಕಗಳನ್ನು ಕೈಯಿಂದಲೇ ಮಾಡಿದರು. ಅವರ ಹೆಸರುಗಳು ಲೋಕದಲ್ಲಿ ಪ್ರಸಿದ್ಧವಾಗದಿದ್ದರೂ ಅವರ ಶ್ರಮವಿಲ್ಲದೆ ಈ ಕಾರ್ಯವು ಸಾಗುತ್ತಿರಲಿಲ್ಲ.

ಆದರೆ ಹೋಲಿಕೆಯು ಮೋಸಗೊಳಿಸುವದೂ ಉಂಟು. ನೂರಾರು ಸಾಲುಗಳನ್ನು ಹುಡುಕಿದರೆ, ಯಾವದೋ ಒಂದು ಆಕಸ್ಮಾತ್ತಾಗಿಯೇ ಮಳೆಯ ಸಾಲಿನಂತೆ ತೋರದೆ ಇರದು. ಹುಡುಕಿದ ಸಾಲುಗಳು ಹೆಚ್ಚಿದಷ್ಟೂ ನಂಬುವದಕ್ಕೆ ಬೇಕಾದ ಸಾಕ್ಷ್ಯವೂ ಹೆಚ್ಚಬೇಕೆಂದು ವಾಕರರು 1914ರಲ್ಲಿಯೇ ಗಣಿತದಿಂದ ತೋರಿಸಿ, ಆ ಕಟ್ಟಳೆಗೆ ತಮ್ಮ ಕೆಲಸವನ್ನೂ ಒಳಪಡಿಸಿದರು.

ಪರರ ಪ್ರತಿಭೆಯನ್ನು ಗುರುತಿಸುವದರಲ್ಲಿಯೂ ಅವರು ಹಿಂದೆಗೆದವರಲ್ಲ. 1913ರಲ್ಲಿ ಮದರಾಸಿನಲ್ಲಿ ರಾಮಾನುಜನರ ಗಣಿತವನ್ನು ಕಂಡು, ಆ ಬಡ ಗುಮಾಸ್ತನಿಗೆ ನೆರವಾಗಬೇಕೆಂದು ವಿಶ್ವವಿದ್ಯಾಲಯಕ್ಕೆ ಬರೆದರು.

ಪೆಸಿಫಿಕ್ ಮಹಾಸಾಗರದ ಮೇಲೆ ವಾಯುಭಾರವು ಏರಿದಾಗ ಹಿಂದೂ ಮಹಾಸಾಗರದ ಮೇಲೆ ಅದು ಇಳಿಯುವದೆಂಬುದು ಅವರ ಶೋಧನೆಗಳಲ್ಲಿ ಮುಖ್ಯವಾದದ್ದು. ತಕ್ಕಡಿಯ ತಟ್ಟೆಗಳಂತಿರುವ ಈ ಏರಿಳಿತಕ್ಕೆ ಅವರು ದಕ್ಷಿಣ ಆಂದೋಲನವೆಂದು ಹೆಸರಿಟ್ಟರು. ಆದರೂ ಮಳೆಯ ಮುನ್ಸೂಚನೆಯು ಕೈಗೂಡಲಿಲ್ಲ. ಆಂದೋಲನದ ನಂಟು ಮಳೆಗಾಲಕ್ಕೆ ಮುಂಚಿನ ತಿಂಗಳುಗಳಿಗಿಂತ ಅದರ ತರುವಾಯದ ತಿಂಗಳುಗಳಲ್ಲಿಯೇ ಬಲವಾಗಿ ಕಂಡಿತು. ಕಾರಣವೂ ಅವರಿಗೆ ತಿಳಿಯಲಿಲ್ಲ. 1924ರಲ್ಲಿ ಸ್ವದೇಶಕ್ಕೆ ಮರಳಿ ಲಂಡನಿನಲ್ಲಿ ಅಧ್ಯಾಪಕರಾಗಿದ್ದು, 1958ರ ನವೆಂಬರಿನಲ್ಲಿ ತೀರಿಕೊಂಡರು.

ಹನ್ನೊಂದು ವರುಷಗಳ ತರುವಾಯ, 1969ರಲ್ಲಿ, ಯಾಕೋಬ್ ಬ್ಯರ್ಕ್ನೆಸ್ ಎಂಬ ವಿದ್ವಾಂಸರು ಈ ಆಂದೋಲನವನ್ನು ಎಲ್ ನಿನ್ಯೋ ಎಂಬ ಕಡಲಿನ ಬಿಸಿಯೊಡನೆ ಸೇರಿಸಿ ವಿವರಿಸಿ, ಅಲ್ಲಿಯ ಗಾಳಿಯ ಸುತ್ತಿಗೆ ವಾಕರರ ಹೆಸರನ್ನಿಟ್ಟರು. ಇಂದಿನ ಮಳೆಗಾಲದ ಮುನ್ಸೂಚನೆಗಳಲ್ಲಿ ಎಲ್ ನಿನ್ಯೋವಿನ ಮಾತು ಬರುವಾಗಲೆಲ್ಲಾ ಅವರ ದುಡಿಮೆಯು ಅದರೊಳಗಿದೆ. ಬಯಸಿದ ಉತ್ತರವು ಸಿಕ್ಕದಾಗಲೂ ಲೆಕ್ಕವನ್ನು ತಿರುಚದೆ, ಕಂಡದ್ದನ್ನು ಕಂಡಂತೆ ಬರೆದಿಟ್ಟವರ ಕೆಲಸವು ಹೀಗೆ ಮುಂದಿನವರಿಗೆ ಆಸ್ತಿಯಾಗುವದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ಮಕ್ಕಳಿಗೆ ತಿಳಿಸುವರೆಂದು ನಂಬುವೆವು.