ಉಣ್ಣೆಯ ಚೆಂಡನ್ನು ಕೊಟ್ಟ ಫ್ರೋಬೆಲನ ಜೀವಿತ

ಕಳೆದ ಚಳಿಗಾಲದಲ್ಲಿ ನಾವು ಬೆಂಗಳೂರಿನ ಬಸವನಗುಡಿಯ ಒಂದು ಹಳೆಯ ಮನೆಗೆ ಹೋಗಿದ್ದೆವು. ಆ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು, ಕ್ರೋಶ ಕಡ್ಡಿಯಿಂದ ಕೆಂಪು ದಾರದ ಒಂದು ಚೆಂಡನ್ನು ಹೆಣೆಯುತ್ತಿದ್ದರು. ಹಳದಿ, ಹಸುರು, ನೀಲಿ ಬಣ್ಣದ ಚೆಂಡುಗಳು ಆಗಲೇ ಸಿದ್ಧವಾಗಿ ಮಗ್ಗುಲಿನ ಮೊರದಲ್ಲಿದ್ದವು. ಒಳಗೆ ತೊಟ್ಟಿಲಲ್ಲಿ ಐದು ತಿಂಗಳಿನ ಮೊಮ್ಮಗುವು ಮಲಗಿತ್ತು. ಅಂಗಡಿಯಲ್ಲಿ ಗಿಲಕಿಗಳು ದೊರೆಯುವಾಗ ಈ ಶ್ರಮವೇಕೆಂದು ನಾವು ಕೇಳಿದೆವು. ಇದನ್ನು ತಮ್ಮ ತಾಯಿಯವರಿಂದ ಕಲಿತೆವೆಂದೂ, ತಾಯಿಯವರು ಅದನ್ನು ಹೆಣ್ಣುಮಕ್ಕಳ ಪಾಠಶಾಲೆಯಲ್ಲಿ ಕಲಿತಿದ್ದರೆಂದೂ, ಅದಕ್ಕೂ ಹಿಂದೆ ಅದು ಎಲ್ಲಿಂದ ಬಂತೋ ತಾವರಿಯೆವೆಂದೂ ಆ ಅಜ್ಜಿಯು ನಕ್ಕು ಹೇಳಿದರು. ಆ ಚೆಂಡು ಎಲ್ಲಿಂದ ಬಂತೆಂಬದನ್ನು ಈ ತಿಂಗಳು ತಿಳಿಸಬೇಕೆಂದಿದ್ದೇವೆ. ಅದರ ಹಿಂದೆ ತಾಯಿಯ ಮುಖವನ್ನೇ ನೆನಪಿನಲ್ಲಿ ಕಾಣದ ಒಬ್ಬ ಹುಡುಗನ ಕಥೆಯುಂಟು.

ಫ್ರೀಡ್ರಿಕ್ ಫ್ರೋಬೆಲನು ೧೭೮೨ನೇ ಇಸವಿ ಎಪ್ರಿಲ್ ತಿಂಗಳ ೨೧ನೇ ತಾರೀಖಿನಲ್ಲಿ, ಜರ್ಮನಿ ದೇಶದ ತುರಿಂಗಿಯ ಸೀಮೆಯ ಓಬರ್‌ವೈಸ್‌ಬಾಖ್ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದನು. ಅವನ ತಂದೆಯು ಆ ಊರಿನ ಲೂಥರನ್ ಸಭೆಯ ಪಾಲಕನಾಗಿದ್ದನು. ಸುತ್ತಲಿನ ಹಳ್ಳಿಗಳ ಸಭೆಗಳೂ ಆತನ ಪಾಲಿಗೆ ಬಂದಿದ್ದರಿಂದ ಆತನಿಗೆ ಮನೆಯ ಕಡೆಗೆ ನೋಡುವದಕ್ಕೆ ಬಿಡುವಿರಲಿಲ್ಲ. ಮಗುವಿಗೆ ಒಂಬತ್ತು ತಿಂಗಳಾದಾಗ ತಾಯಿಯು ತೀರಿಹೋದಳು. ಕೂಸನ್ನು ಮನೆಯ ಆಳುಗಳೂ ಅಣ್ಣಂದಿರೂ ಎತ್ತಿ ಆಡಿಸಿದರು. ಕೆಲವು ವರುಷಗಳ ಮೇಲೆ ತಂದೆಯು ಮರುಮದುವೆ ಮಾಡಿಕೊಂಡನು. ಮಲತಾಯಿಯು ಮೊದಮೊದಲು ಹುಡುಗನನ್ನು ಪ್ರೀತಿಯಿಂದಲೇ ಕಂಡಳು. ಅವನೂ ಆಕೆಗೆ ಅಂಟಿಕೊಂಡನು. ಆದರೆ ಆಕೆಗೆ ಸ್ವಂತ ಮಗನು ಹುಟ್ಟಿದ ಮೇಲೆ ಆಕೆಯ ಮನಸ್ಸು ತಿರುಗಿತು. ಮನೆಯ ಮಗುವನ್ನು ಕರೆಯುವ ಸಲಿಗೆಯ ಮಾತನ್ನು ಬಿಟ್ಟು, ಅನ್ಯರೊಡನೆ ಮಾತಾಡುವ ರೀತಿಯಲ್ಲಿ ಅವನೊಡನೆ ಮಾತಾಡತೊಡಗಿದಳು. ಆ ಒಂದು ಮಾತಿನ ಬದಲಾವಣೆಯು ತನ್ನನ್ನು ಎಷ್ಟು ನೋಯಿಸಿತೆಂಬದನ್ನು ಫ್ರೋಬೆಲನು ಮುದುಕನಾಗುವ ತನಕ ಮರೆಯಲಿಲ್ಲ.

ಓದುವದನ್ನು ನಿಧಾನವಾಗಿ ಕಲಿತದ್ದರಿಂದ ತಂದೆಯು ಅವನನ್ನು ಮಂದಬುದ್ಧಿಯವನೆಂದು ಎಣಿಸಿದನು. ಹತ್ತನೆಯ ವರುಷದಲ್ಲಿ ತಾಯಿಯ ಅಣ್ಣನಾದ ಹಾಫ್‌ಮನ್ ಎಂಬ ಸಭಾಪಾಲಕನು ಅವನನ್ನು ತನ್ನ ಊರಾದ ಸ್ಟಾಟ್‌ಇಲ್ಮಿಗೆ ಕರೆದುಕೊಂಡು ಹೋದನು. ಸೋದರಮಾವನ ಮನೆಯಲ್ಲಿ ಹುಡುಗನಿಗೆ ಬಯಲಿನಲ್ಲಿ ಆಡುವದಕ್ಕೂ ಹಳ್ಳದ ದಡದಲ್ಲಿ ಅಲೆಯುವದಕ್ಕೂ ಅಪ್ಪಣೆ ದೊರೆಯಿತು. ತನ್ನ ಬಾಲ್ಯದಲ್ಲಿ ಸುಖವೆಂಬದನ್ನು ಅವನು ಕಂಡದ್ದು ಇಲ್ಲಿಯೇ. ಮಂದನೆನಿಸಿದ ಹುಡುಗನು ಆಟವಾಡುವ ಸ್ವಾತಂತ್ರ್ಯ ದೊರೆತೊಡನೆ ಪಾಠದಲ್ಲಿಯೂ ಚುರುಕಾದನು. ಇದನ್ನು ತಾಯಿತಂದೆಗಳು ಗಮನಿಸಬೇಕು.

ಮುಂದಿನ ಕೆಲವು ವರುಷಗಳನ್ನು ಬೇಗನೆ ಹೇಳಿಬಿಡುವೆವು. ಅವನು ಹದಿನೈದನೆಯ ವರುಷದಲ್ಲಿ ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ೧೭೯೯ರಲ್ಲಿ ಯೇನಾ ವಿಶ್ವವಿದ್ಯಾಲಯಕ್ಕೆ ಹೋದನು. ಸಾಲ ತೀರಿಸಲಾರದೆ ಅಲ್ಲಿನ ಸೆರೆಯಲ್ಲಿ ಒಂಬತ್ತು ವಾರ ಇದ್ದನು. ೧೮೦೨ರಲ್ಲಿ ತಂದೆಯು ತೀರಿಕೊಂಡನು. ಭೂಮಿ ಅಳೆಯುವ ಕೆಲಸ, ಲೆಕ್ಕಪತ್ರದ ಕೆಲಸ, ಇವು ಯಾವವೂ ಅವನಿಗೆ ಹಿಡಿಸಲಿಲ್ಲ. ೧೮೦೫ರಲ್ಲಿ ಫ್ರಾಂಕ್‌ಫರ್ಟ್ ನಗರದ ಒಂದು ಶಾಲೆಯಲ್ಲಿ ಮಕ್ಕಳ ಮುಂದೆ ನಿಂತಾಗ, ಬಹುಕಾಲ ನೀರಿಲ್ಲದೆ ಇದ್ದ ಮೀನು ನೀರಿಗೆ ಬಂದಂತಾಯಿತು. ಸ್ವಿಟ್ಜರ್ಲೆಂಡಿನ ಇವರ್ಡನ್ ಎಂಬಲ್ಲಿ ಬಡ ಮಕ್ಕಳ ಗುರುವೆಂದು ಹೆಸರಾಗಿದ್ದ ಪೆಸ್ಟಲೋಜಿಯ ಬಳಿ ೧೮೦೮ರಿಂದ ೧೮೧೦ರ ತನಕ ಇದ್ದು, ಕಣ್ಣಿನಿಂದ ಕಂಡು ಕೈಯಿಂದ ಮುಟ್ಟಿ ಕಲಿಯುವ ಕ್ರಮವನ್ನು ಅಭ್ಯಾಸ ಮಾಡಿದನು. ೧೮೧೩ರಲ್ಲಿ ನೆಪೋಲಿಯನನ ವಿರುದ್ಧ ಯುದ್ಧಕ್ಕೆ ಹೋದನು. ಅಲ್ಲಿ ಲಾಂಗೆಟಾಲ್, ಮಿಡ್ಡೆನ್‌ಡಾರ್ಫ್ ಎಂಬ ಇಬ್ಬರು ಯುವಕರ ಗೆಳೆತನವಾಯಿತು. ಯುದ್ಧವು ಮುಗಿದ ಮೇಲೆ ಬರ್ಲಿನಿನ ಖನಿಜಗಳ ಸಂಗ್ರಹಾಲಯದಲ್ಲಿ ಗೌರವದ ಉದ್ಯೋಗ ದೊರೆಯಿತು.

ಆದರೆ ಯುದ್ಧದ ವರುಷದಲ್ಲಿಯೇ ಅವನ ಅಣ್ಣ ಕ್ರಿಸ್ತೋಫನು, ಗ್ರೀಸ್‌ಹೈಮ್ ಎಂಬ ಹಳ್ಳಿಯ ಸಭಾಪಾಲಕನು, ಜ್ವರಪೀಡಿತ ಸೈನಿಕರ ಶುಶ್ರೂಷೆ ಮಾಡುತ್ತಿರುವಾಗ ತಾನೂ ಆ ಜ್ವರಕ್ಕೆ ಬಲಿಯಾಗಿದ್ದನು. ಆತನ ಗಂಡುಮಕ್ಕಳು ತಬ್ಬಲಿಗಳಾಗಿದ್ದರು. ತಬ್ಬಲಿತನವೆಂದರೇನೆಂದು ಅರಿತಿದ್ದ ಫ್ರೋಬೆಲನು ೧೮೧೬ರಲ್ಲಿ ಉದ್ಯೋಗವನ್ನು ಬಿಟ್ಟು, ಆ ಹಳ್ಳಿಗೆ ಹೋಗಿ, ಅಣ್ಣಂದಿರ ಐವರು ಮಕ್ಕಳನ್ನು ಕೂಡಿಸಿಕೊಂಡು ಒಂದು ಶಾಲೆಯನ್ನು ತೆರೆದನು. ಮಾರನೆಯ ವರುಷ ಆ ಶಾಲೆಯು ಕೈಲ್‌ಹೌ ಎಂಬ ಊರಿಗೆ ಹೋಯಿತು. ೧೮೧೮ರಲ್ಲಿ ಅವನು ಬರ್ಲಿನಿನ ವಿಲ್‌ಹೆಲ್ಮೀನಳನ್ನು ಮದುವೆಯಾದನು. ಸುಖದಲ್ಲಿ ಬೆಳೆದ ಆ ಸ್ತ್ರೀಯು ಬಡ ಶಾಲೆಯ ಕಷ್ಟಗಳನ್ನೆಲ್ಲಾ ಗೊಣಗದೆ ಹೊತ್ತಳು. ಅವರಿಗೆ ಮಕ್ಕಳಾಗಲಿಲ್ಲ. ಶಾಲೆಯು ಮೊದಲು ಬೆಳೆದು, ತರುವಾಯ ಸರಕಾರದವರ ಸಂಶಯದಿಂದಲೂ ಸಾಲದಿಂದಲೂ ಕುಗ್ಗಿ, ಕೊನೆಗೆ ಕೈಬೆರಳುಗಳಿಂದ ಎಣಿಸುವಷ್ಟು ವಿದ್ಯಾರ್ಥಿಗಳು ಮಾತ್ರ ಉಳಿದರು.

ತರುವಾಯ ಫ್ರೋಬೆಲನು ಸ್ವಿಟ್ಜರ್ಲೆಂಡಿಗೆ ಹೋಗಿ, ಬುರ್ಗ್‌ಡಾರ್ಫಿನ ಅನಾಥಾಲಯವನ್ನು ನಡಿಸಿದನು. ಅಲ್ಲಿ ಅವನಿಗೆ ಒಂದು ಸಂಗತಿಯು ಸ್ಪಷ್ಟವಾಯಿತು. ಮಗುವು ಶಾಲೆಗೆ ಬರುವಷ್ಟರಲ್ಲಿ ಅದರ ಮನಸ್ಸಿನ ಬುನಾದಿಯು ಆಗಲೇ ಬಿದ್ದಿರುತ್ತದೆ. ಆ ಬುನಾದಿಯನ್ನು ಹಾಕುವವಳು ತಾಯಿ. ಹಾಕುವ ಸ್ಥಳವು ತೊಟ್ಟಿಲು. ಹಾಕುವ ಸಾಧನವು ಆಟ. ಹೀಗೆ ತಿಳಿದು ೧೮೩೭ರಲ್ಲಿ, ತನ್ನ ೫೫ನೆಯ ವಯಸ್ಸಿನಲ್ಲಿ, ಅವನು ಬ್ಲಾಂಕೆನ್‌ಬುರ್ಗ್ ಎಂಬ ಚಿಕ್ಕ ಊರಿನಲ್ಲಿ ನೆಲಸಿ, ಚಿಕ್ಕ ಮಕ್ಕಳ ಆಟದ ಸಾಮಾನುಗಳನ್ನು ಮಾಡಿಸತೊಡಗಿದನು. ಅವುಗಳಿಗೆ ಕೊಡುಗೆಗಳೆಂದು ಹೆಸರಿಟ್ಟನು.

ಮೊದಲನೆಯ ಕೊಡುಗೆಯೇ ನಾವು ಬಸವನಗುಡಿಯ ಜಗಲಿಯಲ್ಲಿ ಕಂಡ ಚೆಂಡು. ಒಂದು ಪೆಟ್ಟಿಗೆಯಲ್ಲಿ ಆರು ಮೆತ್ತನೆಯ ಚೆಂಡುಗಳು. ಕೆಂಪು, ಕಿತ್ತಳೆ, ಹಳದಿ, ಹಸುರು, ನೀಲಿ, ನೇರಳೆ ಎಂದು ಮಳೆಬಿಲ್ಲಿನ ಬಣ್ಣಗಳು. ಹೊರಗಡೆ ಉಣ್ಣೆಯ ದಾರದ ಹೆಣಿಗೆ. ಒಂದೊಂದಕ್ಕೂ ತೂಗಾಡಿಸುವದಕ್ಕೆ ಒಂದು ಎಳೆ. ಸಾಮಾನ್ಯವಾಗಿ ಅವು ಸುಮಾರು ಒಂದೂವರೆ ಅಂಗುಲ ಅಗಲವಿದ್ದವು. ಚೆಂಡನ್ನೇ ಏಕೆ ಆರಿಸಿದನು? ಯಾವ ಕಡೆಯಿಂದ ಹಿಡಿದರೂ ಚೆಂಡು ಒಂದೇ ರೂಪ. ಅದಕ್ಕೆ ಮೂಲೆಯಿಲ್ಲ, ಚುಚ್ಚುವ ಅಂಚಿಲ್ಲ. ಕೂಸಿನ ಅಂಗೈಯು ತಾನಾಗಿ ಅದರ ಸುತ್ತಲೂ ಮುಚ್ಚಿಕೊಳ್ಳುತ್ತದೆ. ಉಣ್ಣೆಯು ಬೆಚ್ಚಗೆ, ಮೆತ್ತಗೆ, ತುಸು ಒರಟಾಗಿ ಬೆರಳಿಗೆ ಸಿಕ್ಕುತ್ತದೆ. ಎರಡನೆಯ ಕೊಡುಗೆಯಲ್ಲಿ ಮರದ ಗುಂಡು, ಉರುಳೆ, ಚೌಕಗಟ್ಟಿ ಇವು ಬರುವಾಗ, ಮಗುವು ಮೆತ್ತನೆಯದಕ್ಕೂ ಗಟ್ಟಿಯಾದದ್ದಕ್ಕೂ, ಉರುಳುವದಕ್ಕೂ ನಿಲ್ಲುವದಕ್ಕೂ ಇರುವ ಭೇದವನ್ನು ತಾನೇ ಅರಿಯುತ್ತದೆ.

ಆದರೂ ಚೆಂಡನ್ನು ಕೂಸಿನ ಕೈಯಲ್ಲಿಟ್ಟು ತಾಯಿಯು ಎದ್ದು ಹೋಗಬೇಕೆಂದು ಅವನು ಎಂದೂ ಕಲಿಸಲಿಲ್ಲ. ತಾಯಿಯು ಚೆಂಡನ್ನು ಮಗುವಿನ ಕಣ್ಣ ಮುಂದೆ ಅತ್ತಿತ್ತ ಮೆಲ್ಲಗೆ ತೂಗಬೇಕು. ಮೇಲೆ, ಕೆಳಗೆ, ಇಲ್ಲಿ, ಅಲ್ಲಿ ಎಂದು ರಾಗವಾಗಿ ಹೇಳಬೇಕು. ಚೆಂಡನ್ನು ಕೈಯಲ್ಲಿ ಮರೆಮಾಡಬೇಕು; ಮಗುವು ಹುಡುಕಿದಾಗ ತಿರಿಗಿ ತೋರಿಸಬೇಕು. ಇದ್ದದ್ದು ಹೋಯಿತು, ಹೋದದ್ದು ಬಂತು ಎಂಬ ಪಾಠವನ್ನು ಮಗುವು ಹೀಗೆ ನಗುತ್ತಾ ಕಲಿಯುತ್ತದೆ. ತನ್ನಿಂದ ಹೋದವಳು ತಿರಿಗಿ ಬಾರದೆ ಇದ್ದ ಒಬ್ಬ ಹುಡುಗನು ಬೆಳೆದು ಮುದುಕನಾಗಿ, ಲೋಕದ ಮಕ್ಕಳಿಗೆ ಕೊಟ್ಟ ಮೊದಲನೆಯ ಆಟವು ಇದು. ವಾಚಕರು ಇದರ ಮೇಲೆ ಸ್ವಲ್ಪ ಹೊತ್ತು ಯೋಚಿಸಲಿ.

೧೮೩೯ರಲ್ಲಿ ವಿಲ್‌ಹೆಲ್ಮೀನಳು ತೀರಿಹೋದಳು. ಮಾರನೆಯ ವರುಷ ಒಂದು ದಿನ ಗೆಳೆಯರೊಡನೆ ಗುಡ್ಡದ ದಾರಿಯಲ್ಲಿ ನಡೆಯುತ್ತಿರುವಾಗ ಅವನಿಗೆ ತನ್ನ ಶಾಲೆಗೆ ತಕ್ಕ ಹೆಸರು ಹೊಳೆಯಿತು. ಅದೇ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ. ತೋಟಗಾರನು ಗಿಡವನ್ನು ಎಳೆದು ಉದ್ದ ಮಾಡುವದಿಲ್ಲ. ನೀರೂ ಬೆಳಕೂ ಕೊಟ್ಟು ಕಾಯುತ್ತಾನೆ. ಹೆಸರು ದೊರೆಯಿತು, ಹಣವು ದೊರೆಯಲಿಲ್ಲ. ಬ್ಲಾಂಕೆನ್‌ಬುರ್ಗಿನ ತೋಟವು ಕೆಲವು ವರುಷಗಳಲ್ಲಿ ಮುಚ್ಚಿತು. ಫ್ರೋಬೆಲನು ಎದೆಗುಂದದೆ ಊರೂರು ತಿರುಗಿ, ಚಿಕ್ಕ ಮಕ್ಕಳ ಉಪಾಧ್ಯಾಯಿನಿಯರಾಗುವಂತೆ ಯುವತಿಯರನ್ನು ಕಲಿಸಿದನು. ಹೆಂಗಸರ ಕೈಗೆ ಇಂಥ ಉದ್ಯೋಗವನ್ನು ಕೊಡುವದು ಆ ಕಾಲದಲ್ಲಿ ಹೊಸ ಮಾತಾಗಿತ್ತು. ೧೮೪೯ರಲ್ಲಿ ಲೀಬೆನ್‌ಸ್ಟೈನಿನಲ್ಲಿ ಅವನು ನರೆತ ತಲೆಯನ್ನು ಬೀಸುತ್ತಾ ಹಳ್ಳಿಯ ಮಕ್ಕಳೊಡನೆ ಕುಣಿದಾಡುವದನ್ನು ಕಂಡು ಜನರು ಅವನನ್ನು ಮುದಿ ಹುಚ್ಚನೆಂದು ಕರೆದರು. ಅದೇ ಬೇಸಿಗೆಯಲ್ಲಿ ಅಲ್ಲಿಗೆ ಬಂದಿದ್ದ ಮಾರೆನ್‌ಹೋಲ್ಟ್ಸ್ ಎಂಬ ಕುಲೀನ ಸ್ತ್ರೀಯು ಮಾತ್ರ ಆ ಹುಚ್ಚಿನಲ್ಲಿ ಜ್ಞಾನವನ್ನು ಕಂಡಳು. ಮುಂದೆ ಅನೇಕ ದೇಶಗಳಿಗೆ ಅವನ ಬೋಧನೆಯನ್ನು ಒಯ್ದವಳು ಆಕೆಯೇ.

ಕೊನೆಯ ಪೆಟ್ಟು ೧೮೫೧ರ ಆಗಸ್ಟ್ ತಿಂಗಳಲ್ಲಿ ಬಿತ್ತು. ಪ್ರಷ್ಯದ ಸರಕಾರವು, ಕಿಂಡರ್‌ಗಾರ್ಟನ್‌ಗಳು ನಾಸ್ತಿಕತನವನ್ನು ಬಿತ್ತುತ್ತವೆಂದು ಆರೋಪಿಸಿ, ಅವುಗಳನ್ನೆಲ್ಲಾ ನಿಷೇಧಿಸಿತು. ಅವನ ಅಣ್ಣನ ಮಗ ಕಾರ್ಲನು ಬರೆದ ಒಂದು ಹೊತ್ತಗೆಯನ್ನು ಇವನದೆಂಬಂತೆ ಎಣಿಸಿದ್ದೇ ಈ ಪ್ರಮಾದಕ್ಕೆ ಕಾರಣವಾಯಿತು. ಸಭಾಪಾಲಕನ ಮಗನಾಗಿ ಹುಟ್ಟಿ, ಎಲ್ಲಾ ವಸ್ತುಗಳಲ್ಲಿಯೂ ದೇವರ ಏಕತ್ವವನ್ನು ಕಾಣಿಸಬೇಕೆಂದು ಜೀವಮಾನವೆಲ್ಲಾ ದುಡಿದವನಿಗೆ ನಾಸ್ತಿಕನೆಂಬ ಹೆಸರು ಬಂತು. ಅವನು ಅರಸನಿಗೆ ಬಿನ್ನಹ ಮಾಡಿಕೊಂಡರೂ ಪ್ರಯೋಜನವಾಗಲಿಲ್ಲ. ಆ ವರುಷದಲ್ಲಿಯೇ ಅವನು ತನ್ನ ಶಿಷ್ಯೆಯಾಗಿದ್ದ ಲೂಯಿಸಳನ್ನು ಮದುವೆಯಾಗಿದ್ದನು. ಆಕೆಯು ಅವನ ಕೊನೆಯ ದಿನಗಳಲ್ಲಿ ಜೊತೆಗಿದ್ದಳು. ೧೮೫೨ನೇ ಇಸವಿ ಜೂನ್ ೨೧ನೇ ತಾರೀಖಿನಲ್ಲಿ ಮಾರಿಯೆಂಟಾಲ್ ಎಂಬಲ್ಲಿ, ೭೦ನೆಯ ವಯಸ್ಸಿನಲ್ಲಿ ಫ್ರೋಬೆಲನು ತೀರಿಹೋದನು. ನಿಷೇಧವು ಹೋದದ್ದು ೧೮೬೦ರಲ್ಲಿ; ಅದನ್ನು ನೋಡುವದಕ್ಕೆ ಅವನಿರಲಿಲ್ಲ. ಶ್ವೈನಾ ಊರಿನ ಅವನ ಸಮಾಧಿಯ ಮೇಲೆ ಚೌಕಗಟ್ಟಿ, ಅದರ ಮೇಲೆ ಉರುಳೆ, ಅದರ ಮೇಲೆ ಗುಂಡು, ಹೀಗೆ ಕಲ್ಲಿನಲ್ಲಿ ಮಕ್ಕಳ ಆಟದ ಸಾಮಾನುಗಳನ್ನೇ ನಿಲ್ಲಿಸಿದ್ದಾರೆ.

ತೋಟಗಾರನು ಹೋದರೂ ಬೀಜವು ಉಳಿಯಿತು. ಅವನ ಶಿಷ್ಯೆಯರು ಇಂಗ್ಲೆಂಡಿಗೂ ಅಮೇರಿಕಕ್ಕೂ ಹೋಗಿ ಇಂಥ ತೋಟಗಳನ್ನು ಬೆಳಿಸಿದರು. ಹತ್ತೊಂಬತ್ತನೆಯ ಶತಮಾನವು ಮುಗಿಯುವ ಮೊದಲೇ ಮಿಶನ್ ಶಾಲೆಗಳ ಮತ್ತು ವಿದ್ಯಾ ಇಲಾಖೆಯ ಸ್ತ್ರೀಯರು ಈ ಕ್ರಮವನ್ನು ದಕ್ಷಿಣ ಹಿಂದೂಸ್ಥಾನಕ್ಕೆ ತಂದಿದ್ದರು. ಆ ಕಾಲದಲ್ಲಿಯೇ ಬೆಂಗಳೂರಿನಲ್ಲಿ ಚಾಮರಾಜಪೇಟೆಯೂ, ೧೮೯೮ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳೂ ಅಗಲವಾದ ಬೀದಿಗಳ ಬಡಾವಣೆಗಳಾಗಿ ಬೆಳೆದವು. ಸರಸ್ವತಿ ಎಂಬ ಮಾಸಪತ್ರಿಕೆಯನ್ನು ಬಹುಕಾಲ ನಡಿಸಿದ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಮಕ್ಕಳಿಗೆ ಪಾಠದಂತೆಯೇ ಆಟಕ್ಕೂ ಒಂದು ಮನೆ ಬೇಕೆಂಬದು ನಮ್ಮ ಊರಿನವರಿಗೂ ಹೀಗೆ ತಿಳಿದುಬಂತು.

ಹಳ್ಳಿಯಲ್ಲಿರುವ ನಮ್ಮ ತಾಯಂದಿರು ಈ ಚೆಂಡನ್ನು ಮಾಡಬಯಸಿದರೆ ಅದು ಕಷ್ಟವಲ್ಲ. ಬಣ್ಣ ಬಿಡದ ಮಧ್ಯಮ ದಪ್ಪದ ಹತ್ತಿಯ ದಾರವಾಗಲಿ ಉಣ್ಣೆಯ ದಾರವಾಗಲಿ ಸಾಕು. ಕ್ರೋಶ ಕಡ್ಡಿಯಿಂದ ಮೊದಲನೆಯ ಸುತ್ತಿಗೆ ೬ ಕುಣಿಕೆಗಳನ್ನು ಹಾಕಬೇಕು. ತರುವಾಯ ಸುತ್ತಿಗೆ ಆರಾರನ್ನು ಹೆಚ್ಚಿಸುತ್ತಾ ೧೨, ೧೮, ೨೪, ೩೦, ೩೬ ಎಂದು ಏಳನೆಯ ಸುತ್ತಿಗೆ ೪೨ಕ್ಕೆ ತರಬೇಕು. ಹೆಚ್ಚಿಸದೆ ಕುಂದಿಸದೆ ಇನ್ನು ಏಳು ಸುತ್ತುಗಳನ್ನು ಹೆಣೆದು, ಬಳಿಕ ಬಂದ ಲೆಕ್ಕದಲ್ಲಿಯೇ ಆರಾರಾಗಿ ಕುಂದಿಸಬೇಕು. ಬಾಯಿಯು ಮುಚ್ಚುವದಕ್ಕೆ ಮೊದಲು ಶುದ್ಧವಾದ ಅರಳೆಯನ್ನು ಒತ್ತಿ ತುಂಬಿ, ಕೊನೆಯ ಎಳೆಯನ್ನು ಒಳಗೆ ಎಳೆದು ಬಿಗಿಯಬೇಕು. ಹೆಣಿಗೆಯು ಒತ್ತಾಗಿರಲಿ, ಅರಳೆಯು ಹೊರಗೆ ಬರಬಾರದು. ಫ್ರೋಬೆಲನ ಚೆಂಡುಗಳು ಚಿಕ್ಕವಾಗಿದ್ದವು. ಅಷ್ಟು ಚಿಕ್ಕ ಚೆಂಡು ಕೂಸಿನ ಬಾಯೊಳಗೆ ಹೋಗಿ ಉಸಿರು ಕಟ್ಟಬಹುದೆಂದು ಈಗ ತಿಳಿದಿರುವದರಿಂದ ಎರಡೂವರೆ ಅಂಗುಲಕ್ಕೆ ಕಡಿಮೆ ಮಾಡಬಾರದು. ಉದ್ದವಾದ ಎಳೆಯನ್ನೂ, ಗುಂಡಿ ಮಣಿಗಳನ್ನೂ ಅದಕ್ಕೆ ಕಟ್ಟಬಾರದು. ಹೊಸದಾಗಿ ಹುಟ್ಟಿದ ಮಗುವಿಗೆ ಒಂದು ಮೊಳದೊಳಗಿನ ವಸ್ತುವು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಸುಮಾರು ಐದನೆಯ ತಿಂಗಳಿನಲ್ಲಿ ಬಣ್ಣಗಳನ್ನು ಚೆನ್ನಾಗಿ ಗುರುತಿಸುತ್ತದೆ. ಆದದರಿಂದ ಚೆಂಡನ್ನು ಹತ್ತಿರ ಹಿಡಿದು ಮೆಲ್ಲಗೆ ಆಡಿಸಿರಿ.

ಈ ಕಾಲದಲ್ಲಿ ಅಳುವ ಕೂಸಿನ ಮುಂದೆ ಮೊಬೈಲನ್ನು ಹಿಡಿದು ಸುಮ್ಮನಾಗಿಸುವ ಮನೆಗಳನ್ನು ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ಕಾಣುತ್ತೇವೆ. ಅದರಲ್ಲಿ ಬಣ್ಣಗಳುಂಟು, ಸ್ವರಗಳುಂಟು. ಮಗುವು ನಕ್ಕಾಗ ತಿರಿಗಿ ನಗುವ ಮುಖವು ಮಾತ್ರ ಇಲ್ಲ. ದುಬಾರಿಯಾದ ಆಟದ ಸಾಮಾನನ್ನು ಕೊಳ್ಳಲಾರೆವೆಂದು ಬಡ ತಾಯಂದಿರು ದುಃಖಪಡಬೇಕಾಗಿಲ್ಲ. ಒಂದು ಹಿಡಿ ದಾರವೂ, ದಿನಕ್ಕೆ ಸ್ವಲ್ಪ ಹೊತ್ತೂ, ತಾಯಿಯ ಧ್ವನಿಯೂ ಇದ್ದರೆ ಮೊದಲನೆಯ ಕೊಡುಗೆಯು ಪೂರ್ಣವಾಯಿತು. ನಿಮ್ಮ ನೆರೆಯಲ್ಲಿ ತಾಯಿಯಿಲ್ಲದ ಮಗುವಿದ್ದರೆ ಮೊದಲನೆಯ ಚೆಂಡನ್ನು ಅದಕ್ಕಾಗಿಯೇ ಹೆಣೆಯಿರಿ. ಹೆಣೆದು ಕಳುಹಿಸಿಬಿಡದೆ ನೀವೇ ಹೋಗಿ ಅದರೊಡನೆ ಆಡಿರಿ. ಬಸವನಗುಡಿಯ ಆ ಅಜ್ಜಿಯು ಕೆಂಪು ಚೆಂಡನ್ನು ಮುಗಿಸಿ ಒಳಗೆ ಹೋದಾಗ ತೊಟ್ಟಿಲಿನಿಂದ ಒಂದು ಕಿಲಕಿಲ ನಗುವು ನಮಗೆ ಕೇಳಿಸಿತು. ಓಬರ್‌ವೈಸ್‌ಬಾಖಿನ ಆ ಮನೆಯ ಕೂಸಿಗೆ ದೊರೆಯದೆ ಹೋದದ್ದು ಈ ಕೂಸಿಗೆ ದೊರೆತಿತ್ತು.